ಹತ್ತು ವರ್ಷಗಳ ನಂತರ ಈವ್ ಆನ್‌ಲೈನ್: ನೌಕೆಗಳು ಅಲ್ಲೇ ಇವೆ, ದಾರಿ ಬದಲಾಗಿದೆ

ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯಲ್ಲಿ ಜುಲೈ ಎಂದರೆ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯಲು ಮಳೆ ಹೊಳವಾಗುವುದನ್ನೇ ಕಾಯುವ ತಿಂಗಳು. ಹಾಗೆ ಕಾಯುತ್ತ ಕುಳಿತಿದ್ದ ಒಂದು ಮಧ್ಯಾಹ್ನ, 2015ರಲ್ಲಿ ಬಿಟ್ಟಿದ್ದ ಈವ್ ಆನ್‌ಲೈನ್ ಆಟವನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿಕೊಂಡೆ. ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಬಾಡಿಗೆ ಕೋಣೆಯಲ್ಲಿ ನಾಲ್ಕು ವರ್ಷ ಆಡಿದ ಆಟ ಅದು. ಕೆಲಸ, ಮದುವೆ, ಆಮೇಲೆ ಊರಿಗೆ ಮರಳಿ ತೋಟ ನೋಡಿಕೊಳ್ಳುವ ಹೊಣೆ, ಹೀಗೆ ಒಂದರ ಹಿಂದೊಂದು ಬಂದು ಆಟ ನಿಂತುಹೋಗಿತ್ತು. ಈಗ ಎರಡು ತಿಂಗಳು ಆಡಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಹೊಸದಾಗಿ ಆಡಲು ಹೊರಟವರಿಗಿಂತ ಹೆಚ್ಚಾಗಿ, ಒಮ್ಮೆ ಆಡಿ ಬಿಟ್ಟು, ಮತ್ತೆ ಮರಳಬಹುದೇ ಎಂಬ ಯೋಚನೆಯಲ್ಲಿ ಇರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರದ ಸಿಸಿಪಿ ಗೇಮ್ಸ್ ಸಂಸ್ಥೆ 2003ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಬಾಹ್ಯಾಕಾಶದ ಆಟ ಇದು. ಚೀನಾದವರಿಗೆ ಪ್ರತ್ಯೇಕ ಸರ್ವರ್ ಇದೆ. ಉಳಿದಂತೆ ಜಗತ್ತಿನ ಎಲ್ಲ ಆಟಗಾರರೂ ಲಂಡನ್ನಿನಲ್ಲಿರುವ ಟ್ರ್ಯಾಂಕ್ವಿಲಿಟಿ ಎಂಬ ಒಂದೇ ಸರ್ವರಿನಲ್ಲಿ, ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರ ವ್ಯವಸ್ಥೆಗಳಿರುವ ಒಂದೇ ಲೋಕದಲ್ಲಿ ಬದುಕುತ್ತಾರೆ. ನೌಕೆ, ಗುಂಡು, ಕಾರ್ಖಾನೆಯ ಸರಕು, ಹೆಚ್ಚುಕಡಿಮೆ ಎಲ್ಲವನ್ನೂ ಆಟಗಾರರೇ ತಯಾರಿಸಿ ಆಟಗಾರರಿಗೇ ಮಾರುತ್ತಾರೆ. ಒಮ್ಮೆ ಸ್ಫೋಟಗೊಂಡ ನೌಕೆ ಮತ್ತೆ ಸಿಗುವುದಿಲ್ಲ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬ ವ್ಯವಸ್ಥೆಯಲ್ಲಿ ಒಂದು ಒಕ್ಕೂಟದವರಿಂದ ನಿರ್ವಹಣಾ ಶುಲ್ಕ ಕಟ್ಟುವುದು ತಪ್ಪಿಹೋದದ್ದೇ ನೆಪವಾಗಿ ಸುಮಾರು 21 ಗಂಟೆ ಯುದ್ಧ ನಡೆದು, ಅತಿ ದೊಡ್ಡ ನೌಕೆಗಳಾದ ಟೈಟಾನ್‌ಗಳೇ 75 ನಾಶವಾದವು. ಅಂದು ನಮ್ಮ ಕೋಣೆಯಲ್ಲಿ ಯಾರೂ ಮಲಗಲಿಲ್ಲ. ಪಾತ್ರೆಯ ಅನ್ನ ಆರಿ ತಣ್ಣಗಾಗಿದ್ದರೂ ನಾಲ್ಕು ಜನ ಒಂದೇ ಪರದೆಯ ಮುಂದೆ ಕುಳಿತಿದ್ದೆವು.

ಮರಳಿದವನಿಗೆ ಮೊದಲು ಸಿಗುವುದು ಸಮಾಧಾನ. ಹಳೆಯ ಪಾಸ್‌ವರ್ಡ್ ಬದಲಿಸಿಕೊಂಡು ಒಳಗೆ ಹೋದಾಗ ನನ್ನ ಪೈಲಟ್ ಜೀಟಾ ಎಂಬ ದೊಡ್ಡ ಪೇಟೆಯ ನಿಲ್ದಾಣದಲ್ಲಿ ನಾನು ಬಿಟ್ಟಲ್ಲೇ ಇದ್ದ. ಹ್ಯಾಂಗರಿನಲ್ಲಿ ಹನ್ನೊಂದು ನೌಕೆಗಳಿದ್ದವು. ಒಂದು ಮೂಲೆಯಲ್ಲಿ 500 ಪ್ಲೆಕ್ಸ್, ಅಂದರೆ ಚಂದಾಕ್ಕೆ ಕೊಡಬಹುದಾದ ಆಟದ ನಾಣ್ಯ, ಕಾಣಿಸಿತು. ಇಷ್ಟೊಂದು ಪ್ಲೆಕ್ಸ್ ನನ್ನ ಬಳಿ ಎಂದೂ ಇರಲಿಲ್ಲವಲ್ಲ ಎಂದು ಗಾಬರಿಯಾಯಿತು. ಆಮೇಲೆ ವಿಚಾರಿಸಿದಾಗ ತಿಳಿಯಿತು: ನಮ್ಮ ಕಾಲದಲ್ಲಿ ಒಂದು ಪ್ಲೆಕ್ಸ್ ಎಂದರೆ 30 ದಿನಗಳ ಚಂದಾ, 2017ರಲ್ಲಿ ಅದನ್ನು ಚಿಲ್ಲರೆ ಮಾಡಿ, ಹಳೆಯ ಒಂದಕ್ಕೆ ಹೊಸ ಐನೂರರಂತೆ ಬದಲಿಸಿಕೊಟ್ಟಿದ್ದಾರೆ. ನಾನು ಮರೆತೇಬಿಟ್ಟಿದ್ದ ಒಂದು ಪ್ಲೆಕ್ಸ್ ಹತ್ತು ವರ್ಷ ಬೆಲೆ ಕಳೆದುಕೊಳ್ಳದೆ ನನಗಾಗಿ ಕಾದಿತ್ತು. ಬೇರೆ ಯಾವ ಆಟದಲ್ಲೂ ನನ್ನ ಗಂಟನ್ನು ಇಷ್ಟು ಜೋಪಾನವಾಗಿ ಇಟ್ಟವರನ್ನು ನಾನು ಕಂಡಿಲ್ಲ.

ಆದರೆ ಆ ನೌಕೆಗಳಲ್ಲಿ ಅರ್ಧದಷ್ಟನ್ನು ಹತ್ತುವ ಹಾಗಿರಲಿಲ್ಲ. 2016ರ ನವೆಂಬರಿನಿಂದ ಆಟದಲ್ಲಿ ಎರಡು ವರ್ಗಗಳಿವೆ. ಹಣ ಕೊಡದೆ ಆಡುವವರು ಆಲ್ಫಾ, ಚಂದಾ ಕಟ್ಟಿದವರು ಒಮೆಗಾ. ಆಲ್ಫಾಗಳು ಕಲಿಯಬಹುದಾದ ಕೌಶಲಗಳಿಗೆ ಮಿತಿಯಿದೆ, ಕಲಿಕೆಯ ವೇಗವೂ ಅರ್ಧ. ನನ್ನಂತೆ ಮೊದಲೇ ಕಲಿತವರ ಕೌಶಲವನ್ನು ಅಳಿಸಿಲ್ಲ, ಬೀಗ ಹಾಕಿ ಇಟ್ಟಿದ್ದಾರೆ. ತಿಂಗಳುಗಟ್ಟಲೆ ಕಾದು ಕಲಿತು ಕೊಂಡಿದ್ದ ಗೋಲೆಮ್ ಎಂಬ ನೌಕೆ ಕಣ್ಣೆದುರೇ ನಿಂತಿತ್ತು, ಹತ್ತಲು ಹೋದರೆ ಒಮೆಗಾ ಆಗಿ ಎಂಬ ಸಂದೇಶ ಬರುತ್ತಿತ್ತು. ಒಮೆಗಾದ ತಿಂಗಳ ದರ ನಾನು ಬಿಡುವಾಗ 14.99 ಡಾಲರ್ ಇತ್ತು, 2022ರಲ್ಲಿ ಅದನ್ನು 19.99ಕ್ಕೆ ಏರಿಸಿದರು. ನೇರವಾಗಿ ರೂಪಾಯಿಗೆ ಪರಿವರ್ತಿಸಿದರೆ ಸಾವಿರದ ಐನೂರು ದಾಟುತ್ತದೆ. ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು ಎನ್ನುವ ಗೃಹಸ್ಥನಿಗೆ ಇದು ದುಬಾರಿ ಎಂದೇ ನನ್ನ ಅಭಿಪ್ರಾಯ. ಆದ್ದರಿಂದ ಮರಳುವವರು ಮೊದಲ ತಿಂಗಳು ದುಡ್ಡು ಕಟ್ಟಲೇಬಾರದು. ಆಲ್ಫಾ ಆಗಿಯೇ ಆಡಿದರೂ ಸಣ್ಣ ನೌಕೆಗಳಿಂದ ಸಾಮಾನ್ಯ ದರ್ಜೆಯ ಬ್ಯಾಟಲ್‌ಶಿಪ್‌ವರೆಗೆ ಕೈಗೆ ಸಿಗುತ್ತವೆ, ಮರೆತದ್ದನ್ನು ಮತ್ತೆ ಕಲಿಯಲು ಅಷ್ಟು ಬೇಕಾದಷ್ಟಾಯಿತು.

ಮರೆತದ್ದು ಎಷ್ಟು ಎಂಬುದು ನನಗೆ ಮೂರನೆಯ ದಿನ ಗೊತ್ತಾಯಿತು. ಹಳೆಯ ಸರಕನ್ನೆಲ್ಲ ಬ್ಯಾಜರ್ ಎಂಬ ಸಾಗಣೆ ನೌಕೆಗೆ ತುಂಬಿ, ಜೀಟಾದಿಂದ ಡೋಡಿಕ್ಸಿ ಎಂಬ ಇನ್ನೊಂದು ಪೇಟೆಗೆ ದಾರಿ ಹಾಕಿ, ಆಟೋಪೈಲಟ್ ಒತ್ತಿ, ದನಕ್ಕೆ ಹುಲ್ಲು ಹಾಕಿ ಬರುತ್ತೇನೆಂದು ಎದ್ದುಹೋದೆ. ಆಟೋಪೈಲಟ್ ನೌಕೆಯನ್ನು, ಒಂದು ನಕ್ಷತ್ರ ವ್ಯವಸ್ಥೆಯಿಂದ ಇನ್ನೊಂದಕ್ಕೆ ಹಾರಿಸುವ ಗೇಟಿನಿಂದ ಸ್ವಲ್ಪ ದೂರದಲ್ಲಿ ಇಳಿಸಿ, ಅಲ್ಲಿಂದ ನಿಧಾನವಾಗಿ ತೆವಳಿಸಿಕೊಂಡು ಹೋಗುತ್ತದೆ. ಯುಇಡಾಮಾ ಎಂಬ ವ್ಯವಸ್ಥೆಯಲ್ಲಿ ಹೀಗೆ ತೆವಳುವ ಸಾಗಣೆ ನೌಕೆಗಳಿಗಾಗಿಯೇ ಹೊಂಚು ಹಾಕುವವರಿದ್ದಾರೆ. ಅದು ಕಾವಲಿರುವ ಪ್ರದೇಶವೇ. ಆದರೆ ಕಾನ್‌ಕಾರ್ಡ್ ಎಂಬ ಆಟದ ಪೊಲೀಸರು ಅಪರಾಧ ನಡೆದ ಮೇಲೆ ಬಂದು ಶಿಕ್ಷಿಸುತ್ತಾರೆಯೇ ಹೊರತು ಮೊದಲೇ ತಡೆಯುವುದಿಲ್ಲ. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಪರದೆಯ ಮೇಲೆ, ನೌಕೆ ಒಡೆದಾಗ ಪೈಲಟ್ ಉಳಿದುಕೊಳ್ಳುವ ಪುಟ್ಟ ಕ್ಯಾಪ್ಸೂಲ್ ಮಾತ್ರ ತೇಲುತ್ತಿತ್ತು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಚಿಕ್ಕಪ್ಪನ ಮಗ, "ಅಣ್ಣಾ, ನಾಲ್ಕೈದು ಜನ ಒಟ್ಟಿಗೆ ಬಂದ್ರು, ನಿನ್ನನ್ನು ಕರೆಯೋಕೂ ಪುರಸೊತ್ತು ಆಗ್ಲಿಲ್ಲ" ಎಂದ. ಈ ಪಾಠ ನನಗೆ 2012ರಲ್ಲೇ ಆಗಿತ್ತು. ಆಟ ನನ್ನ ಆಸ್ತಿಯನ್ನು ನೆನಪಿಟ್ಟುಕೊಂಡಿತ್ತು, ಪಾಠವನ್ನು ನೆನಪಿಟ್ಟುಕೊಳ್ಳುವುದು ನನ್ನ ಕೆಲಸವಾಗಿತ್ತು. ತಪ್ಪು ಸಂಪೂರ್ಣ ನನ್ನದೇ. ಇಂಥ ಆಟಕ್ಕೆ ಮರಳುವವರು ಹಳೆಯ ನೌಕೆ ಹತ್ತುವ ಮೊದಲು, ಹೊಸಬರಿಗೆಂದೇ ಇರುವ ಕೆರಿಯರ್ ಏಜೆಂಟುಗಳ ಕೆಲಸಗಳನ್ನು ಸಂಕೋಚವಿಲ್ಲದೆ ಇನ್ನೊಮ್ಮೆ ಮಾಡಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಇನ್ನು ದಾರಿಯ ವಿಷಯ. ಈ ವಿಮರ್ಶೆಯಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇದೇ. ನಮ್ಮ ಕಾಲದಲ್ಲಿ ಜೀಟಾ ಮತ್ತು ಅಮಾರ್ ಎಂಬ ಎರಡು ದೊಡ್ಡ ಪೇಟೆಗಳ ನಡುವೆ ಕಾವಲಿರುವ ಸುರಕ್ಷಿತ ಪ್ರದೇಶದಲ್ಲಿ 9 ಜಂಪ್‌ಗಳ, ಅಂದರೆ ಗೇಟಿನಿಂದ ಗೇಟಿಗೆ ಒಂಬತ್ತು ಹಾರಿಕೆಗಳ ದಾರಿಯಿತ್ತು, ಅದು ನಿಯಾರ್ಜಾ ಎಂಬ ವ್ಯವಸ್ಥೆಯ ಮೂಲಕ ಹಾದುಹೋಗುತ್ತಿತ್ತು. 2020ರಲ್ಲಿ, ಆಟದ ಕಥೆಯಲ್ಲಿ ಬರುವ ಟ್ರಿಗ್ಲೇವಿಯನ್ನರು ಎಂಬ ಜನಾಂಗದ ಆಕ್ರಮಣದ ಕಾಲದಲ್ಲಿ ಆಟಗಾರರಲ್ಲೇ ಕೆಲವರು ಆಕ್ರಮಣಕಾರರ ಪರ, ಕೆಲವರು ವಿರುದ್ಧ ಹೋರಾಡಿದರು. ಕೊನೆಗೆ 27 ವ್ಯವಸ್ಥೆಗಳು ಹಳೆಯ ನಕ್ಷೆಯಿಂದ ಕಳಚಿಕೊಂಡು ಪೋಚ್‌ವೆನ್ ಎಂಬ ಬೇರೆಯೇ ಪ್ರದೇಶವಾದವು. ನಿಯಾರ್ಜಾ ಅವುಗಳಲ್ಲಿ ಒಂದು. ಅದು ಹೋದ ಮೇಲೆ ಸುರಕ್ಷಿತ ಪ್ರದೇಶವನ್ನು ಬಿಡದೆ ಹೋಗಬೇಕೆನ್ನುವವರಿಗೆ 9 ಜಂಪ್‌ಗಳ ದಾರಿ 45ರಷ್ಟಾಯಿತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳನ್ನು ನಿಲ್ಲಿಸಿದಾಗ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ ಸುತ್ತಿ ಕರಾವಳಿಗೆ ಇಳಿಯುವ ಲಾರಿಯವರಿಗೆ ಬಾಡಿಗೆ, ಡೀಸೆಲ್, ಸಮಯ ಎಲ್ಲದರ ಲೆಕ್ಕವೂ ಬದಲಾಗುತ್ತದೆ. ಇಲ್ಲಿಯೂ ಹಾಗೆಯೇ ಆಯಿತು. ಎರಡು ಪೇಟೆಗಳ ನಡುವಿನ ಬೆಲೆಯ ಅಂತರದಲ್ಲೇ ಹೊಟ್ಟೆ ಹೊರೆಯುತ್ತಿದ್ದ ನನ್ನಂಥ ಸಣ್ಣ ವ್ಯಾಪಾರಿಗಳ ಕಸುಬಿನ ಬುಡವೇ ಅಲ್ಲಾಡಿತು. ಆಗುಂಬೆ ಮಳೆ ಮುಗಿದ ಮೇಲೆ ತೆರೆಯುತ್ತದೆ, ನಿಯಾರ್ಜಾದ ಆ ಹಳೆಯ ದಾರಿ ಹಾಗೆ ತೆರೆಯಲಿಲ್ಲ. ನಾನು ಕೈಬರಹದಲ್ಲಿ ಬರೆದಿಟ್ಟಿದ್ದ ಹಳೆಯ ವ್ಯಾಪಾರದ ನೋಟುಪುಸ್ತಕ ಅಟ್ಟದ ಮೇಲೆ ಸಿಕ್ಕಿತ್ತು. ಅದರ ಹಾಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲೆಕ್ಕ ಆ ದಾರಿಯನ್ನೇ ನಂಬಿ ಮಾಡಿದ್ದು. ಕಂಪನಿಯೊಂದು ಕಚೇರಿಯಲ್ಲಿ ಕುಳಿತು ನಕ್ಷೆ ಬದಲಿಸುವುದಕ್ಕೂ, ಆಟಗಾರರ ಸೋಲು ಗೆಲುವಿನಿಂದ ನಕ್ಷೆಯೇ ಬೇರೆಯಾಗುವುದಕ್ಕೂ ವ್ಯತ್ಯಾಸವಿದೆ. ನಷ್ಟವಾದರೂ ಈ ಆಟದ ಮೇಲಿನ ನನ್ನ ಗೌರವ ಹೆಚ್ಚಿದ್ದು ಇದನ್ನು ತಿಳಿದ ಮೇಲೆಯೇ.

ದೂರದ ಕಾನೂನಿಲ್ಲದ ಪ್ರದೇಶದಲ್ಲಿ ನಮ್ಮ ಹಳೆಯ ಸಂಘದವರ ಜೊತೆ ಇದ್ದಾಗ ಬಿಟ್ಟಿದ್ದ ಸಾಮಾನುಗಳದ್ದು ಇನ್ನೊಂದು ಕಥೆ. ಅಂದಿನ ಔಟ್‌ಪೋಸ್ಟ್ ನಿಲ್ದಾಣಗಳನ್ನು 2018ರಲ್ಲಿ ಸಿಟಾಡೆಲ್ ಎಂಬ ಹೊಸ ಬಗೆಯ ನಿಲ್ದಾಣಗಳಾಗಿ ಮಾರ್ಪಡಿಸಿದರು, ಸಿಟಾಡೆಲ್‌ಗಳನ್ನು ಒಡೆದು ನಾಶಮಾಡಬಹುದು. ನಮ್ಮದೂ ಯಾವಾಗಲೋ ನಾಶವಾಗಿದೆ. ಒಳಗಿದ್ದ ವಸ್ತುಗಳು ಅಸೆಟ್ ಸೇಫ್ಟಿ ಎಂಬ ವ್ಯವಸ್ಥೆಯಲ್ಲಿ ಗಂಟು ಕಟ್ಟಿದಂತೆ ಉಳಿದಿದ್ದವು. ಅವುಗಳ ಬೆಲೆಯ ಶೇಕಡಾ 15ರಷ್ಟು ಶುಲ್ಕ ಕಟ್ಟಿದರೆ ಬೇರೊಂದು ನಿಲ್ದಾಣದಲ್ಲಿ ಕೈಗೆ ಬರುತ್ತವೆ. ನಾನು ಕಟ್ಟಲಿಲ್ಲ. ಆ ಸಂಘದ ಪಟ್ಟಿಯಲ್ಲಿ ನನ್ನನ್ನು ಬಿಟ್ಟು ಯಾರೂ ಉಳಿದಿಲ್ಲ, ಆ ಸಾಮಾನು ತಂದು ಮಾಡುವುದೇನು ಎನಿಸಿತು.

ಮಾರುಕಟ್ಟೆ ಮಾತ್ರ ಇಂದಿಗೂ ಈ ಆಟದ ಜೀವಾಳ. ಶಿವಮೊಗ್ಗ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ದಿನವೂ ದರ ನೋಡುವ ಅಭ್ಯಾಸವಿದ್ದವರಿಗೆ ಜೀಟಾದ ಪಟ್ಟಿ ಓದಲು ಎರಡು ದಿನ ಸಾಕು. ಒಂದು ಬದಿಯಲ್ಲಿ ಮಾರುವವರ ಬೆಲೆ, ಇನ್ನೊಂದು ಬದಿಯಲ್ಲಿ ಕೊಳ್ಳುವವರ ಬೆಲೆ, ನಡುವೆ ದಲಾಲಿ ಮತ್ತು ಮಾರಾಟ ತೆರಿಗೆ. ಎಲ್ಲಿಯೋ ಯುದ್ಧ ಶುರುವಾದರೆ ಮದ್ದುಗುಂಡಿನ ಬೆಲೆ ಏರುತ್ತದೆ, ಖನಿಜ ಸಿಗುವ ಪ್ರಮಾಣವನ್ನು ಕಡಿಮೆ ಮಾಡಿದರೆ ನೌಕೆಗಳು ತುಟ್ಟಿಯಾಗುತ್ತವೆ. ನಾನೀಗ ನಂಬಿಕೊಂಡಿರುವುದು ಹೆರಾನ್ ಎಂಬ ಅಗ್ಗದ ಶೋಧನೆಯ ನೌಕೆಯನ್ನು. ಅಡಗಿದ ತಾಣಗಳನ್ನು ಹುಡುಕುವ ಎಂಟು ಪ್ರೋಬ್‌ಗಳನ್ನು ಹರಡಿ, ಅವುಗಳ ವ್ಯಾಪ್ತಿಯನ್ನು ಸ್ವಲ್ಪ ಸ್ವಲ್ಪವೇ ಕುಗ್ಗಿಸುತ್ತ, ಕೆಂಪಗಿದ್ದ ಗುರುತು ಹಳದಿಯಾಗಿ, ಹಳದಿ ಹಸಿರಾಗುವುದನ್ನು ಕಾಯುವಾಗ ಸಿಗುವ ಏಕಾಗ್ರತೆ ನನಗೆ ಬೇರೆ ಆಟಗಳಲ್ಲಿ ಸಿಕ್ಕಿಲ್ಲ. ನೌಕೆ ಹೋದರೂ ಅರ್ಧ ಗಂಟೆಯ ದುಡಿಮೆಯಲ್ಲಿ ಇನ್ನೊಂದು ಬರುತ್ತದೆ. ಮರಳಿ ಬಂದವರಿಗೆ ನನ್ನ ಮೊದಲ ಶಿಫಾರಸು ಇದೇ.

ಕಲಿಕೆಯ ಸೌಲಭ್ಯ ಬಹಳ ಸುಧಾರಿಸಿದೆ. ಮೊದಲು ನೌಕೆಗೆ ಯಾವ ಬಿಡಿಭಾಗ ಹೊಂದುತ್ತದೆ ಎಂದು ನೋಡಲು ಹೊರಗಿನ ತಂತ್ರಾಂಶ ಬೇಕಿತ್ತು, ಈಗ ಆಟದೊಳಗೇ ಕೊಳ್ಳುವ ಮೊದಲು ಜೋಡಿಸಿ ಪರೀಕ್ಷಿಸಬಹುದು. ಯಾವ ಕೌಶಲದ ನಂತರ ಯಾವುದು ಎಂಬ ಸಿದ್ಧ ಯೋಜನೆಗಳೂ ಇವೆ. ಕೌಶಲಗಳನ್ನು ಸಾಲಾಗಿ ಹಚ್ಚಿಟ್ಟರೆ ಆಟ ಮುಚ್ಚಿದ್ದರೂ ಕಲಿಕೆ ಸಾಗುತ್ತಲೇ ಇರುತ್ತದೆ. 2014ರ ಕೊನೆಯವರೆಗೆ ಈ ಸಾಲಿಗೆ 24 ಗಂಟೆಗಳ ಮಿತಿಯಿದ್ದು, ನಾವು ಅದಕ್ಕಾಗಿ ಅಲಾರಂ ಇಟ್ಟು ಏಳುತ್ತಿದ್ದೆವು. ಈಗ ಒಮೆಗಾ ಆಗಿದ್ದರೆ, ತೋಟದ ಕೆಲಸದಲ್ಲಿ ವಾರವಿಡೀ ಕಂಪ್ಯೂಟರ್ ಮುಟ್ಟದಿದ್ದರೂ ಪೈಲಟ್ ಕಲಿಯುತ್ತಿರುತ್ತಾನೆ. ಚಿತ್ರಗಳು ಸುಂದರವಾಗಿವೆ. ಆಟದ ಭಾಷೆಗಳಲ್ಲಿ ಕನ್ನಡವಿಲ್ಲ, ಓದಬೇಕಾದದ್ದು ರಾಶಿಯಷ್ಟಿದೆ. ಇಂಗ್ಲಿಷ್ ಸಲೀಸಾಗಿ ಓದಲಾಗದವರಿಗೆ ಇದು ದೊಡ್ಡ ಅಡ್ಡಿ.

ಮಲೆನಾಡಿನಲ್ಲಿ ಆಡುವವರಿಗೆ ಎರಡು ಸಂಗತಿ ಹೇಳಲೇಬೇಕು. ನಮ್ಮಿಂದ ಲಂಡನ್ನಿನ ಸರ್ವರ್ ದೂರವಿದ್ದರೂ ಅದೊಂದು ತೊಂದರೆಯಾಗುವುದಿಲ್ಲ. ಈ ಆಟದ ಲೆಕ್ಕಾಚಾರ ಸೆಕೆಂಡಿಗೆ ಒಮ್ಮೆ ನಡೆಯುವುದರಿಂದ, ಗುಂಡು ಹಾರಿಸುವ ಬೇರೆ ಆಟಗಳಲ್ಲಿ ನಮ್ಮನ್ನು ಸೋಲಿಸುವ ನಿಧಾನ ನೆಟ್‌ವರ್ಕ್ ಇಲ್ಲಿ ಅಷ್ಟಾಗಿ ಕಾಡದು. ಕಾಡುವುದು ಕರೆಂಟು. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಸಂಪರ್ಕ ಕಡಿದು, ನೌಕೆ ತಾನಾಗಿ ದೂರಕ್ಕೆ ಹಾರಿ ಒಂದು ನಿಮಿಷದಲ್ಲಿ ಮಾಯವಾಗುತ್ತದೆ. ಆದರೆ ಆ ಹೊತ್ತಿಗೆ ಕಾದಾಟದಲ್ಲಿದ್ದರೆ ಅದು ಅಲ್ಲೇ ಉಳಿಯುತ್ತದೆ, ಉಳಿದಷ್ಟು ಹೊತ್ತು ಯಾರು ಬೇಕಾದರೂ ಹುಡುಕಿ ಹೊಡೆಯಬಹುದು. ನಾನು ಕಂಪ್ಯೂಟರಿಗೂ ಮೋಡೆಮಿಗೂ ಸೇರಿ ಒಂದು ಯುಪಿಎಸ್ ಹಾಕಿಸಿದ ಮೇಲೆಯೇ ಬೆಲೆಬಾಳುವ ನೌಕೆ ಹೊರತೆಗೆದದ್ದು.

ಎರಡನೆಯದು ಸಮಯ. ಸರ್ವರ್ ಪ್ರತಿದಿನ ನಮ್ಮ ಸಂಜೆ ನಾಲ್ಕೂವರೆಗೆ ಸ್ವಲ್ಪ ಹೊತ್ತು ಮುಚ್ಚುತ್ತದೆ, ಅದು ಕಾಫಿಯ ಹೊತ್ತು, ಬಾಧಕವಿಲ್ಲ. ಯೂರೋಪಿನವರು ಸಂಜೆ ಕಳೆದು ಆಟಕ್ಕೆ ಕೂರುವಾಗ ಮಾತ್ರ ನಮಗೆ ಮಧ್ಯರಾತ್ರಿ. ಬೆಳಿಗ್ಗೆ ಆರಕ್ಕೆ ಹಾಲು ಕರೆಯಬೇಕಾದವನು ಅವರ ಸಂಘ ಸೇರಿ ದೊಡ್ಡ ಯುದ್ಧಗಳಿಗೆ ಹೋಗುವುದು ಆಗದ ಮಾತು. ನಮ್ಮ ಹೊತ್ತಿಗೆ ಹೊಂದುವ ಆಸ್ಟ್ರೇಲಿಯಾ ಮತ್ತು ಏಷ್ಯಾದ ಆಟಗಾರರ ಒಂದು ಸಣ್ಣ ಸಂಘವನ್ನು ಐದು ವಾರ ಹುಡುಕಿ ಸೇರಿದೆ. ರಾತ್ರಿ ಎಂಟರಿಂದ ಒಂಬತ್ತೂವರೆ ಅವರೊಂದಿಗೆ. ಆಟ ನನಗೆ ಮತ್ತೆ ಹಿಡಿಸಿದ್ದು ಅಲ್ಲಿಂದ. ಒಂಟಿಯಾಗಿಯೇ ಮುಂದುವರಿದಿದ್ದರೆ ಇಷ್ಟರಲ್ಲೇ ಬಿಡುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಚಂದಾದ ದರಕ್ಕೆ. ಮೊನ್ನೆ ಆ 500 ಪ್ಲೆಕ್ಸ್ ಕೊಟ್ಟು ಒಂದು ತಿಂಗಳು ಒಮೆಗಾ ಆಗಿದ್ದೇನೆ. ಗೋಲೆಮ್ ಹತ್ತಿ ಜೀಟಾದ ನಿಲ್ದಾಣದ ಹೊರಗೆ ಒಂದು ಸುತ್ತು ಹಾಕಿ ಮತ್ತೆ ಒಳಗೆ ತಂದು ನಿಲ್ಲಿಸಿದೆ. ಅದರ ಹಳೆಯ ಬಿಡಿಭಾಗಗಳನ್ನೆಲ್ಲ ಕಳಚಿ, ಈಗಿನ ರೀತಿಗೆ ಹೊಸದಾಗಿ ಜೋಡಿಸಬೇಕಿದೆ. ಅಡಿಕೆಯ ಕೊನೆ ಕೊಯ್ಲು ಶುರುವಾಗುವ ಮೊದಲು ಅಷ್ಟು ಮುಗಿಸಿಕೊಳ್ಳಬೇಕೆಂದಿದ್ದೇನೆ.