412 ದಿನ ಆಫ್ ಆಗದ ಸರ್ವರ್ ಒಂದು ಬೆಳಿಗ್ಗೆ ಏಳಲೇ ಇಲ್ಲ

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್‌ಗೆ ಅಲ್ಲೊಂದು ಉಬುಂಟು (ಲಿನಕ್ಸ್‌ನ ಒಂದು ಬಗೆ) ಸರ್ವರ್ ಇದೆ. ಇಂಥ ಸಣ್ಣ ಸರ್ವರ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ, ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಆ ಸರ್ವರ್ 412 ದಿನ ಒಂದ್ಸಲವೂ ಆಫ್ ಆಗಿರಲಿಲ್ಲ. ಸೆಕ್ಯುರಿಟಿ ಅಪ್‌ಡೇಟ್‌ಗಳು ತಾವಾಗಿಯೇ ಇನ್‌ಸ್ಟಾಲ್ ಆಗುತ್ತಿದ್ದವು. ಲಾಗಿನ್ ಆದಾಗಲೆಲ್ಲ ರೀಸ್ಟಾರ್ಟ್ ಬೇಕು ಅಂತ ಒಂದು ಸಾಲು ಕಾಣುತ್ತಿತ್ತು. ಸೀಸನ್ ಮುಗಿಯಲಿ ಅಂದುಕೊಂಡೆ, ಮುಗಿದ ಮೇಲೂ ಮಾಡಲಿಲ್ಲ.

ಜುಲೈನಲ್ಲಿ ಒಂದು ರಾತ್ರಿ ಮಳೆಗೆ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಮುಗಿಯಿತು. ಬೆಳಿಗ್ಗೆ 5ಕ್ಕೆ ಕರೆಂಟ್ ಬಂದಾಗ ಸ್ಕ್ರೀನ್ ಮೇಲೆ ಕರ್ನಲ್ ಪ್ಯಾನಿಕ್, ಅಂದರೆ ಸಿಸ್ಟಮ್‌ನ ತಿರುಳಾದ ಕರ್ನಲ್ ಮುಂದೆ ಹೋಗಲಾರದೆ ನಿಂತುಬಿಟ್ಟಿತ್ತು. ಹೊರಗೆ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಗಾಡಿಗಳಿಂದ ಬಾಕ್ಸ್ ಇಳಿಯುತ್ತಿದ್ದವು. ಮಂಡಿ ಯಜಮಾನರು ಪಕ್ಕ ಬಂದು ನಿಂತು, "ಏನಪ್ಪಾ, ವರ್ಷದಿಂದ ಒಂದ್ಸಲನೂ ನಿಂತಿಲ್ಲ ಅಂತಿದ್ದೆಯಲ್ಲ, ಈಗೇನಾಯ್ತು?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಆಗಿದ್ದೇನೆಂದರೆ, ಬೂಟ್ ಪಾರ್ಟಿಷನ್ (ಮಷಿನ್ ಏಳಲು ಬೇಕಾದ ಫೈಲ್‌ಗಳಿರುವ ಡಿಸ್ಕಿನ ಭಾಗ) ಹಳೆ ಕರ್ನಲ್‌ಗಳಿಂದ ತುಂಬಿಹೋಗಿತ್ತು. ಕೊನೆಗೆ ಬಂದ ಕರ್ನಲ್ ಅರ್ಧಂಬರ್ಧ ಇನ್‌ಸ್ಟಾಲ್ ಆಗಿತ್ತು, ಮಷಿನ್ ಅದನ್ನೇ ಎಬ್ಬಿಸಲು ನೋಡುತ್ತಿತ್ತು. ಗ್ರಬ್ ಮೆನುವಿನಲ್ಲಿ (ಮಷಿನ್ ಏಳುವಾಗ ಯಾವ ಕರ್ನಲ್ ಅಂತ ಕೇಳುವ ಪಟ್ಟಿ) ಹಳೆ ಕರ್ನಲ್ ಆರಿಸಿದೆ, ಎದ್ದಿತು. ಆದರೆ ಡೇಟಾಬೇಸ್ ಖಾಲಿ! ಎದೆ ಧಸಕ್ ಅಂತು. ಡೇಟಾಬೇಸ್ ಇದ್ದ ಎರಡನೇ ಡಿಸ್ಕನ್ನು ನಾನೇ ಹಿಂದೊಮ್ಮೆ ಅವಸರದಲ್ಲಿ ಕೈಯಿಂದ ಮೌಂಟ್ ಮಾಡಿದ್ದೆ (ಸಿಸ್ಟಮ್‌ಗೆ ಜೋಡಿಸಿದ್ದೆ), ಮಷಿನ್ ಏಳುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಬರೆದೇ ಇರಲಿಲ್ಲ. ಅದು ಸರಿಯಾದರೆ ಬಿಲ್ಲಿಂಗ್ ಪ್ರೋಗ್ರಾಂ ಏಳಲಿಲ್ಲ, ಏಕೆಂದರೆ ಅದನ್ನು ಕೈಯಿಂದ ಶುರು ಮಾಡಿಟ್ಟಿದ್ದ ಹುಡುಗ ಕೆಲಸ ಬಿಟ್ಟು ಹೋಗಿ ತಿಂಗಳುಗಳಾಗಿದ್ದವು, ಯಾವ ಕಮಾಂಡ್ ಕೊಟ್ಟಿದ್ದ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲ ಮುಗಿದಾಗ ಮಧ್ಯಾಹ್ನ 12:30. ಹರಾಜು ಪೇಪರ್ ಮೇಲೆ ನಡೆಯಿತು, ಮಾಲು ಮಾರಿದ ರೈತರು ಲೆಕ್ಕದ ಚೀಟಿಗಾಗಿ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದರು. ಅದು ಇನ್ನೂ ಕಣ್ಣಮುಂದಿದೆ.

ಈ ಮೂರೂ ದೋಷ ಆ ರಾತ್ರಿ ಹುಟ್ಟಿದ್ದಲ್ಲ. ಒಂದೊಂದಾಗಿ ಸೇರಿಕೊಂಡು ಸುಮ್ನೆ ಕೂತಿದ್ದವು. ತಿಂಗಳಿಗೊಮ್ಮೆ ರೀಬೂಟ್ (ರೀಸ್ಟಾರ್ಟ್) ಮಾಡಿದ್ದರೆ ಬಿಡುವಿನ ಹೊತ್ತಿನಲ್ಲಿ ಒಂದೊಂದೇ ಸಿಕ್ಕಿಬೀಳುತ್ತಿದ್ದವು ಅಲ್ವಾ?

ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಹೆದರಿಸಿತು. ಅಪ್‌ಡೇಟ್ ಇನ್‌ಸ್ಟಾಲ್ ಆದ ಮಾತ್ರಕ್ಕೆ ಹೊಸ ಕರ್ನಲ್ ಓಡುವುದಿಲ್ಲ, ರೀಬೂಟ್ ಆಗುವ ತನಕ ಮೆಮೊರಿಯಲ್ಲಿರುವುದು ಹಳೆಯದೇ. ಅಂದರೆ 412 ದಿನ ನಾವು ಹಳೆ ತೂತುಗಳ ಜೊತೆಯಲ್ಲೇ ಇದ್ದೆವು. ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳಿದ 2017ರ ವಾನಾಕ್ರೈ ದಾಳಿ ನೆನಪಿದೆಯಾ? ವಿಂಡೋಸ್‌ಗೆ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಮಾರ್ಚ್‌ನಲ್ಲೇ ಬಂದಿತ್ತು, ದಾಳಿ ಆಗಿದ್ದು ಮೇ 12ಕ್ಕೆ, ಸಿಕ್ಕಿಬಿದ್ದದ್ದು ಪ್ಯಾಚ್ ಹಾಕದ ಮಷಿನ್‌ಗಳು. ರೀಬೂಟ್ ಇಲ್ಲದೇ ಕರ್ನಲ್ ಸರಿಮಾಡುವ ಲೈವ್‌ಪ್ಯಾಚ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಕರ್ನಲ್‌ನ ಮುಖ್ಯ ದೋಷಗಳನ್ನು ಮಾತ್ರ ಮುಚ್ಚುತ್ತದೆ, ಮಷಿನ್ ಮತ್ತೆ ಏಳುತ್ತದೋ ಇಲ್ಲವೋ ಅಂತ ಹೇಳುವುದಿಲ್ಲ.

ಒಂದು ಮಾತು ಮರೆಯಬೇಡಿ: ಅಪ್‌ಡೇಟ್ ಮಾಡುವ ಮೊದಲೂ ಒಂದ್ಸಲ ರೀಬೂಟ್ ಮಾಡಿ. ಆಗ ಏಳದಿದ್ದರೆ ತಪ್ಪು ಮೊದಲೇ ಇತ್ತು ಅಂತ ಗೊತ್ತಾಗುತ್ತದೆ, ಸುಮ್ನೆ ಹೊಸ ಅಪ್‌ಡೇಟ್‌ನಲ್ಲಿ ಹುಡುಕುತ್ತಾ ಕೂರಬೇಕಿಲ್ಲ. ಬ್ಯಾಕಪ್ ತೆಗೆದು, ಅಪ್‌ಡೇಟ್ ಮಾಡಿ, ಮತ್ತೆ ರೀಬೂಟ್.

ಸರ್ವರ್ ನಿಲ್ಲಿಸಿದರೆ ವ್ಯಾಪಾರ ಹಾಳು ಅನ್ನುವವರಿಗೆ ನನ್ನ ಲೆಕ್ಕ ಇದು. ತಿಂಗಳಿಗೆ 10 ನಿಮಿಷ ಅಂದರೂ ವರ್ಷಕ್ಕೆ 2 ಗಂಟೆ. ಆ ಒಂದೇ ಬೆಳಿಗ್ಗೆ ನಮಗೆ ಹೋಗಿದ್ದು ಏಳೂವರೆ ಗಂಟೆ.

ಈಗ ತಿಂಗಳ ಕೊನೆ ಭಾನುವಾರ ಮಧ್ಯಾಹ್ನ, ಯಾರ್ಡ್ ಖಾಲಿಯಾದ ಮೇಲೆ ರೀಬೂಟ್ ಮಾಡುತ್ತೇನೆ. ಯಜಮಾನರು ಪ್ರಿಂಟರ್ ಪಕ್ಕದಲ್ಲೇ ಕೂತಿರುತ್ತಾರೆ. ಒಂದು ಚೀಟಿ ಪ್ರಿಂಟ್ ಆಗಿ ಅವರ ಕೈಗೆ ಬಂದ ಮೇಲೆಯೇ ನಾನು ಮನೆಗೆ ಹೊರಡುವುದು.