ಗ್ರೋ, ಓಸ್ಕರ್, ಕ್ಲಿಯರ್: ಮೂರನ್ನೂ ನಮ್ಮೂರ ಜನರ ಮೇಲೆ ಹಾಕಿ ನೋಡಿದ್ದು

ಚಿಕ್ಕಮಗಳೂರಲ್ಲಿ ಕೋಚಿಂಗ್ ಅಂದ್ರೆ ಇವತ್ತಿಗೂ ನೀಟ್, ಸಿಇಟಿನೇ. ಯಾವ ಸಬ್ಜೆಕ್ಟ್ ಮೇಡಂ ಅಂತಾರೆ. ನಾನು ಹೇಳ್ಕೊಡಲ್ಲ, ಕೂತು ಪ್ರಶ್ನೆ ಕೇಳ್ತೀನಿ ಅಂದ್ರೆ ಅದಕ್ಕೂ ಫೀಸಾ ಅನ್ನೋ ಮುಖ. ಇರ್ಲಿ ಬಿಡಿ. ಇಲ್ಲಿ ಕಾಫಿ ತೋಟದ ಮನೆಯವರು, ಹೋಂಸ್ಟೇ ನಡೆಸೋರು, ಹಾಸನದಲ್ಲಿ ಫ್ಯಾಕ್ಟರಿ ಸೂಪರ್‌ವೈಸರ್‌ಗಳು, ಇವರ ಜೊತೆ ಕೆಲಸ ಮಾಡ್ತಾ ಮೂರು ಕೋಚಿಂಗ್ ಮಾಡೆಲ್, ಅಂದ್ರೆ ಪ್ರಶ್ನೆಗಳು ಯಾವ ಕ್ರಮದಲ್ಲಿ ಸಾಗ್ಬೇಕು ಅನ್ನೋ ಮೂರು ಚೌಕಟ್ಟು, ಬಳಸಿ ನೋಡಿದೀನಿ.

ಎಲ್ಲರೂ ಮೊದಲು ಕಲಿಯೋದು ಗ್ರೋ. ಗುರಿ, ಈಗಿನ ಪರಿಸ್ಥಿತಿ, ಇರೋ ದಾರಿಗಳು, ಕೊನೆಗೆ ಏನ್ ಮಾಡ್ತೀರಿ ಅನ್ನೋದು. 1980ರ ದಶಕದಲ್ಲಿ ಇಂಗ್ಲೆಂಡಲ್ಲಿ ರೂಪ ತಗೊಂಡಿದ್ದು, ಇದನ್ನ ಫೇಮಸ್ ಮಾಡಿದ ಜಾನ್ ವಿಟ್‌ಮೋರ್ ಮೊದಲು ಕಾರ್ ರೇಸ್ ಡ್ರೈವರ್, 1965ರ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್. ಅದಕ್ಕೇ ಇರ್ಬೇಕು ಇದಕ್ಕೆ ಇಷ್ಟು ಅವಸರ. ಹಾಸನದ ಸೂಪರ್‌ವೈಸರ್‌ಗಳಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು, ಶಿಫ್ಟ್ ಬದಲಾಗೋ ಮಧ್ಯೆ 25 ನಿಮಿಷ ಸಿಗುತ್ತೆ, ಟಾರ್ಗೆಟ್ ಅನ್ನೋ ಮಾತು ಅವರಿಗೆ ದಿನಾ ಕಿವಿಗೆ ಬೀಳೋದೇ.

ಅದೇ ಆಲ್ದೂರು ಕಡೆ ಒಬ್ಬ ಸಾಹುಕಾರರ ಮಗನಿಗೆ ನಿಮ್ ಗುರಿ ಏನು ಅಂದೆ. "ಗುರಿ ಏನ್ ಬಂತು ಮೇಡಂ, ಹಣ್ಣು ಉದುರ್ತಾ ಇದೆ, ಕುಯ್ಯೋಕೆ ಆಳಿಲ್ಲ" ಅಂದ. ಆಮೇಲೆ ಮುಕ್ಕಾಲು ಗಂಟೆ ಆಳು, ತೋಟದ ಲೆಕ್ಕ ಬರೆಯೋ ರೈಟರ್ರು, ಮಳೆ, ರೇಟು. ಪರಿಸ್ಥಿತಿ ಮೊದಲು ನೋಡಿದ್ರೆ ಗುರಿ ಕುಗ್ಗುತ್ತೆ, ಅದಕ್ಕೇ ಗುರಿ ಮೊದಲು ಅಂತ ವಿಟ್‌ಮೋರ್ ವಾದ, ಇರಬಹುದು, ಆದ್ರೆ ನಮ್ಮ ಕಡೆಯವರು ಹೊಟ್ಟೆಲಿರೋದು ಕಕ್ಕದೆ ಗುರಿ ಹೇಳಲ್ಲ ಕಣ್ರಿ. ಇನ್ನೊಂದು ನನ್ನದೇ ಕಳ್ಳತನ: ದಾರಿಗಳು ಅನ್ನೋ ಹಂತ ಬಂದ ತಕ್ಷಣ "ಹೀಗ್ ಮಾಡಿದ್ರೆ ಹೇಗೆ?" ಅಂತ ನನ್ನ ಬುದ್ಧಿಮಾತಿಗೆ ಪ್ರಶ್ನೆಚಿಹ್ನೆ ಅಂಟಿಸಿ ದಾಟಿಸ್ತಿದ್ದೆ.

ಓಸ್ಕರ್ ಅನ್ನೋ ಮಾಡೆಲ್ ಪಾಲ್ ಜಾಕ್ಸನ್, ಮಾರ್ಕ್ ಮೆಕರ್ಗೋ ಮಾಡಿದ್ದು, ಬೇರು ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ಬೆಳೆಸಿದ ಥೆರಪಿಲಿದೆ. ಸಮಸ್ಯೆ ಕೆದಕೋದಕ್ಕಿಂತ ಈಗಾಗ್ಲೇ ಏನು ಸರಿ ನಡೀತಿದೆ ಅಂತ ಹುಡುಕೋದು. ಇದರ ಸ್ಕೇಲ್ ಪ್ರಶ್ನೆಗೆ ನಾನು ಫ್ಯಾನ್. ಮೂಡಿಗೆರೆ ಹತ್ರ ಹೋಂಸ್ಟೇ ನಡೆಸೋ ಅಕ್ಕ ಒಬ್ಬರು, ಎಲ್ಲಾ ಮುಚ್ಚಿಬಿಡ್ತೀನಿ ಅಂತ ಬಂದ್ರು. ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ ಅಂದೆ. "ಮೂರು." ಸೊನ್ನೆ ಯಾಕಲ್ಲ? ಸುಮ್ನಾದ್ರು. ಆಮೇಲೆ ಒಂದೊಂದೇ ಬಂತು, ಅಡುಗೆ ಬಗ್ಗೆ ಒಬ್ರೂ ದೂರಿಲ್ಲ, ಹೋದ ವರ್ಷದ ಎರಡು ಫ್ಯಾಮಿಲಿ ಮತ್ತೆ ಬಂದಿದ್ರು, ಬುಕಿಂಗ್ ಲೆಕ್ಕ ಒಂದೇ ತಲೆನೋವು. ನಾಲ್ಕಾಗೋಕೆ ಏನ್ ಬೇಕು ಅಂದ್ರೆ ಒಂದು ನೋಟ್‌ಬುಕ್ಕು ಅಂದ್ರು, ಅಷ್ಟೇ. ಈಗ್ಲೂ ವಾಟ್ಸಾಪ್ ಬರುತ್ತೆ, "ಇವತ್ತು ಐದು, ಕರೆಂಟ್ ಇದ್ದಿದ್ರೆ ಆರು."

ಆದ್ರೆ ಮೇಷ್ಟ್ರುಗಳ ಹತ್ರ ಇದು ನಡೆಯಲ್ಲ. ಹಾಸನದ ಲೆಕ್ಚರರ್ ಒಬ್ರು ಎಲ್ಲದಕ್ಕೂ ಏಳು ಕೊಟ್ರು, ಪೇಪರ್ ವ್ಯಾಲ್ಯುಯೇಷನ್ ಥರ. ಮೆಚ್ಚುಗೆ ಹೇಳೋ ಹಂತನೂ ಕಷ್ಟ, ಸ್ವಲ್ಪ ಜಾಸ್ತಿ ಆದ್ರೆ "ಏನ್ ಮೇಡಂ ಬೆಣ್ಣೆ ಹಚ್ತಿದೀರಾ" ಅಂತಾರೆ.

ಕ್ಲಿಯರ್ ಅನ್ನೋದು ಪೀಟರ್ ಹಾಕಿನ್ಸ್ ಅವರದ್ದು, ಇದೂ 1980ರ ದಶಕದ್ದೇ. ಒಪ್ಪಂದ, ಕೇಳಿಸಿಕೊಳ್ಳೋದು, ಕೆದಕಿ ನೋಡೋದು, ಕೆಲಸ, ಹಿನ್ನೋಟ. ಕೇಳಿಸಿಕೊಳ್ಳೋದನ್ನ ಒಂದು ಹಂತ ಅಂತ ಯಾಕೆ ಇಟ್ರೋ ಗೊತ್ತಾಗಲ್ಲ, ಅದು ಪೂರ್ತಿ ಇರ್ಬೇಕಾದ್ದಲ್ವಾ. ಕೊನೇಲಿ ಇವತ್ತು ಏನ್ ಸಿಕ್ತು ಅಂತ ಕೇಳಿದ್ರೆ "ಚೆನ್ನಾಗಿತ್ತು ಮೇಡಂ", ಅಷ್ಟೇ, ದಾಕ್ಷಿಣ್ಯ.

ಆದ್ರೂ ಅದರ ಮೊದಲ ಅಕ್ಷರಕ್ಕೆ, ಅಂದ್ರೆ ಒಪ್ಪಂದಕ್ಕೆ, ನಾನು ಕೈ ಮುಗೀತೀನಿ. ಆ ಆಲ್ದೂರು ಹುಡುಗನ ಫೀಸ್ ಕೊಡ್ತಿದ್ದೋರು ಅವರಪ್ಪ. ಮೂರನೇ ಸೆಷನ್ ಆದ್ಮೇಲೆ ಫೋನು, "ಏನಂತಾನೆ ನಮ್ಮ ಹುಡುಗ, ತೋಟ ಬಿಟ್ಟು ಬೆಂಗಳೂರಿಗೆ ಹೋಗ್ತಾನಂತಾ?" ಯಾವ ಮಾತು ಹೊರಗೆ ಹೋಗ್ಬಾರ್ದು ಅಂತ ನಾನು ಮೊದಲೇ ಮಾತಾಡಿರ್ಲಿಲ್ಲ. ತಡಬಡಾಯಿಸಿ ಅರ್ಧ ವಾಕ್ಯ ಹೇಳ್ಬಿಟ್ಟೆ, ಅವರಿಗೆ ಅಷ್ಟು ಸಾಕಾಯ್ತು. ಹುಡುಗ ಮತ್ತೆ ಬರ್ಲಿಲ್ಲ. ದುಡ್ಡು ಕೊಡೋರಿಗೆ ಏನು ತಿಳಿಸ್ತೀವಿ, ಏನಿಲ್ಲ ಅಂತ ಮೊದಲೇ ಒಪ್ಪಂದ ಆಗಿರ್ಬೇಕು ಅಂತ ಕೋಚ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಫ್‌ನ ನೀತಿಸಂಹಿತೆಲೂ ಇದೆ, ನಾನು ಓದಿದ್ದೆ ಕೂಡ.

ಮಾಡೆಲ್ಲೇ ಬೇಡ ಅಂತನೂ ಸ್ವಲ್ಪ ದಿನ ಬಿಟ್ಟು ನೋಡ್ದೆ. ಒಪ್ಪಿಗೆ ತಗೊಂಡು ಮಾಡಿದ ರೆಕಾರ್ಡಿಂಗ್ ಕೇಳಿದ್ರೆ ಪೂರ್ತಿ ನನ್ನದೇ ಭಾಷಣ, ಅವರು ಹೂಂ ಹೂಂ.

ಈಗ ಮೊದಲ ದಿನ ಫೀಸ್ ಕೊಡೋರನ್ನೂ ಕೂರಿಸ್ಕೊಂಡು ಒಪ್ಪಂದ, ಬಂದ ತಾರೀಖು ಬಿಟ್ಟು ಬೇರೇನೂ ಹೇಳಲ್ಲ ಅಂತ. ಆಮೇಲೆ ಹದಿನೈದು ನಿಮಿಷ ಕೋಚಿಂಗ್‌ಗೆ ಬಂದೋರ ಗೋಳು, ಆಮೇಲೆ ಓಸ್ಕರ್. ಗ್ರೋ ಹಾಸನದ ಫ್ಯಾಕ್ಟರಿಗೆ ಮಾತ್ರ. ಆ ಅಪ್ಪ ಮಾತ್ರ ಎಂಜಿ ರೋಡಲ್ಲಿ ಸಿಕ್ಕಾಗೆಲ್ಲ ನಿಲ್ಲಿಸಿ, "ಬೇರೆ ಹುಡುಗ್ರೂ ಹಿಂಗೇನಾ ಮೇಡಂ, ಏನಂತಾರೆ ಅವ್ರು?" ಅಂತ ಕೇಳ್ತಾನೇ ಇರ್ತಾರೆ.