ಡಾಟ್ ನೆಟ್‌ನ ಎನ್ವಿರಾನ್‌ಮೆಂಟ್ ಡಾಟ್ ಯೂಸರ್‌ನೇಮ್: 5ಕ್ಕೆ 4 ಸ್ಟಾರ್

ಅಂಗಡಿ ಬಿಲ್ಲಿಂಗ್‌ಗೆ ಅಂತ ಸಿ ಶಾರ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಲಿ ಚಿಕ್ಕದೊಂದು ಡೆಸ್ಕ್‌ಟಾಪ್ ಪ್ರೋಗ್ರಾಮ್ ಮಾಡ್ತಿದೀನಿ, ಬಿಲ್ ಕೆಳಗಡೆ ಯಾರು ಲಾಗಿನ್ ಆಗಿದಾರೋ ಅವ್ರ ಹೆಸರು ಬರ್ಬೇಕು ಅಷ್ಟೇ. ಅದಕ್ಕೆ ಈ ಎನ್ವಿರಾನ್‌ಮೆಂಟ್ ಡಾಟ್ ಯೂಸರ್‌ನೇಮ್, ಅಂದ್ರೆ ಮೈಕ್ರೋಸಾಫ್ಟ್‌ನ ಡಾಟ್ ನೆಟ್ ಪ್ಲಾಟ್‌ಫಾರ್ಮ್ ಜೊತೆನೇ ಬರೋ, ಯೂಸರ್ ಹೆಸರು ಕೊಡೋ ಕೋಡ್, ಸಖತ್ತಾಗಿದೆ, ಒಂದೇ ಸಾಲು, ಯಾವ ಲೈಬ್ರರಿನೂ (ಬೇರೆಯವ್ರು ಬರೆದಿಟ್ಟ ರೆಡಿಮೇಡ್ ಕೋಡ್) ಹಾಕ್ಬೇಕಿಲ್ಲ, ಲಿನಕ್ಸ್‌ನಲ್ಲೂ ನಡೆಯತ್ತೆ. ವಿಂಡೋಸ್ ಐಡೆಂಟಿಟಿ ಅಂತ ಇನ್ನೊಂದು ಕ್ಲಾಸ್ ಇದೆ, ಅದು ಹೆಸರಿನ ಮುಂಚೆ ಕಂಪ್ಯೂಟರ್ ಹೆಸರೋ ಡೊಮೇನ್ (ಆಫೀಸ್ ನೆಟ್‌ವರ್ಕ್) ಹೆಸರೋ ಸೇರಿಸಿ ಮಧ್ಯ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಕೊಡತ್ತೆ, "ಕೌಂಟರ್1\ರಮೇಶ" ಥರ. ಆಫೀಸ್ ನೆಟ್‌ವರ್ಕ್‌ಗೆ ಓಕೆ, ಬಿಲ್ ಮೇಲೆ ಚೆನ್ನಾಗಿ ಕಾಣಲ್ಲ.

ಕೆಲವರು ಯೂಸರ್‌ನೇಮ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ (ಸಿಸ್ಟಮ್ ಪ್ರೋಗ್ರಾಮ್‌ಗಳಿಗೆ ಕೊಡೋ ಒಂದು ಸೆಟ್ಟಿಂಗ್, ಮೇಲಿನದ್ದು ಬೇರೆ ಇದು ಬೇರೆ) ಓದ್ಕೊಂಡ್ರೆ ಸಾಕು ಅಂತಾರೆ, ಬೇಡ ಮಾರಾಯ್ರೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೆಟ್ ಅಂತ ಹೊಡೆದು ಯಾರ ಹೆಸರು ಬೇಕಾದ್ರೂ ಇಟ್ಟು ಅಲ್ಲಿಂದ್ಲೇ ಪ್ರೋಗ್ರಾಮ್ ಓಪನ್ ಮಾಡಿದ್ರೆ ಅದನ್ನೇ ನಂಬ್ಬಿಡತ್ತೆ, ಕ್ಯಾಶ್ ಲೆಕ್ಕದ ವಿಷ್ಯದಲ್ಲಿ ಇದೆಲ್ಲ ಆಟ ಆಗಲ್ಲ.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ, ಎನ್ವಿರಾನ್‌ಮೆಂಟ್ ಡಾಟ್ ಯೂಸರ್‌ನೇಮ್ ಹೇಳೋದು ಪ್ರೋಗ್ರಾಮ್ ಯಾರ ಅಕೌಂಟಲ್ಲಿ ಓಡ್ತಿದೆ ಅಂತ, ಸ್ಕ್ರೀನ್ ಮುಂದೆ ಯಾರು ಕೂತಿದಾರೆ ಅಂತ ಅಲ್ಲ. ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ಬೇರೆ ಅಡ್ಮಿನ್ ಪಾಸ್‌ವರ್ಡ್ ಹಾಕಿದ್ರೆ ಬಿಲ್ ಮೇಲೆ ಆ ಅಡ್ಮಿನ್ ಹೆಸರೇ ಬರತ್ತೆ. ಇನ್ನು ಮೈಕ್ರೋಸಾಫ್ಟ್ ಅಕೌಂಟಿಂದ ವಿಂಡೋಸ್ ಸೆಟಪ್ ಮಾಡಿದ್ರೆ ಸಾಮಾನ್ಯವಾಗಿ ಈಮೇಲ್‌ನ ಮೊದಲ 5 ಅಕ್ಷರ ಸಿಗೋದು, ಪೂರ್ತಿ ಹೆಸರಲ್ಲ. ನಾನಂತೂ ಆ ಲಾಗಿನ್ ಹೆಸರಿಗೆ ಎದುರಾಗಿ ಸಿಬ್ಬಂದಿ ಹೆಸರು ಬರೆದಿಟ್ಟ ಒಂದು ಟೇಬಲ್ ಡೇಟಾಬೇಸಲ್ಲಿ ಇಟ್ಕೊಂಡು ಅದ್ರಿಂದ್ಲೇ ಪ್ರಿಂಟ್ ಕೊಡ್ತಿದೀನಿ.